ಅಳಿಯ ಕುಡಿಯೂದು ಬಿಟ್ಟ ಮ್ಯಾಲ

ಗೋಕಾಕ ಫಾಲ್ಸ್

ಅವ್ವಗ ಸಪ್ನಾಳ ನಮಸ್ಕಾರ.

ನಿನ್ನ ಅಳಿಯಾರು ಕುಡಿತ ಬಿಡಿಸೂ ಕೇಂದ್ರದಿಂದ ಬಂದ ಮ್ಯಾಲ ಒಂದ ಹನಿ ಮುಟ್ಟಿಲ್ಲ. ಕೆಲಸ ಮುಗಿಸಿ ನೆಟ್ಟಗ ಮನಿಗೆ ಬರತಾರ, ತಮ್ಮ ಅಂಗಿ ತಾವ ಒಗೀತಾರ. ನನಗ ಖುಷಿ ಆಗಬೇಕಿತ್ತು. ಆದ್ರ ಅವರು ಬರೂ ಹೊತ್ತಾದ್ರ ಈಗೂ ಬಾಗಲಾ ನೋಡಕೋತ ಮೂಲ್ಯಾಗ ಮುದುಡಿ ಕುಂಡರತೇನಿ. ಸಣ್ಣಾಕಿದ್ದಾಗ ನಮ್ಮ ದಡ್ಡಿ ಊರಾಗ ಅಪ್ಪ ಕುಡದು ಬರೂ ಸಪ್ಪಳಕ್ಕ ನಿನ್ನ ಸೆರಗ ಹಿಡಕೊಂಡು ಕುಂಡರತಿದ್ನೆಲ್ಲ, ಹಂಗ.

ನಿನ್ನೆ ಸಂಜೀಕ ನಾನ ಅವರ ಕೈಯಾಗ ರೊಕ್ಕ ಇಟ್ಟು, "ಹೋಗ್ರಿ, ಕುಡದು ಬರ್ರಿ" ಅಂದೆ. ಆ ಮಾತು ನನ್ನ ಬಾಯಿಂದ ಹೆಂಗ ಬಂತೋ ಇನ್ನೂ ತಿಳಿವಲ್ದು. ಅವರು ಗಾಬರಿಯಾಗಿ ನನ್ನ ಮುಖ ನೋಡಿದ್ರು.

"ನಾ ಬಿಟ್ಟೇನಿ, ಸಪ್ನಾ. ನೀ ಯಾವಾಗ ಬಿಡ್ತಿ?" ಅಂದ್ರು.

ಇವತ್ತ ಕೇಂದ್ರದ ಲೇಡಿ ಡಾಕ್ಟರಿಗೆ ಎಲ್ಲಾ ಹೇಳಿದೆ. "ಸಣ್ಣಾಕಿದ್ದಾಗಿಂದ ಕುಡಿಯವರನ್ನ ಕಾಯೂದ ಕಲ್ತೀಯವ್ವ, ಸಮಾಧಾನದಿಂದ ಇರೂದು ಕಲ್ತಿಲ್ಲ" ಅಂದ್ರು. ವಾರಕ್ಕೊಮ್ಮಿ ಬಾ ಅಂದಾರ. ಹೋಗತೇನಿ.

ಇದನ್ನ ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರದೇನಿ. ಇನ್ನ ಫೋನ್ ಮಾಡಿದಾಗ "ಕುಡದಾರೇನ?" ಅಂತ ಕೇಳಬ್ಯಾಡ. ನಾ ಉಂಡೇನೋ ಇಲ್ಲೋ ಕೇಳು. ನೀನೂ ಅಪ್ಪನ ಹಾದಿ ಕಾಯಕೋತ ಕುಂಡರಬ್ಯಾಡ, ಹಸಿವಾದಾಗ ಉಣ್ಣು.

ನಿನ್ನ ಮಗಳು,
ಸಪ್ನಾ