ಉಜ್ಜಿ ತೊಳೆದ ಕಲ್ಲು

ಮೇಷ್ಟ್ರೇ,

ಕುರ್ಚಿಗಳನ್ನೆಲ್ಲ ಒಳಗಿಟ್ಟು ಈಗ ಕೂತೆ. ಸಾಕಾಗಿಹೋಗಿದೆ. ನೀವು ತೀರಿಕೊಂಡ ಮೇಲೆ ಖಾಲಿಯಿದ್ದ ಪ್ರಾಧ್ಯಾಪಕರ ಹುದ್ದೆಗೆ ಇವತ್ತು ಸಂದರ್ಶನವಿತ್ತು. ಬಂದವರಿಗೆ ಬಂಡೆಯ ಪದರಗಳ ಮಡಿಕೆ ಓದಲು ಬರುತ್ತದೆಯೋ ನೋಡಲು ನಿಮ್ಮ ಕಪಾಟಿನ ಒಂದು ಕಲ್ಲನ್ನು ಮೇಜಿನ ಮೇಲಿಟ್ಟಿದ್ದರು. ದೊಡ್ಡವರು ಬರುತ್ತಾರೆಂದು ನಿನ್ನೆ ನಾನೇ ಅದಕ್ಕೆ ಸೋಪು ಹಾಕಿ ಉಜ್ಜಿದ್ದೆ. ಉತ್ತರ ದಿಕ್ಕಿಗೆ ನೀವು ಬರೆದಿದ್ದ ಬಾಣ ಅಳಿಸಿಹೋಗಿತ್ತು.

ಮೊದಲು ಬಂದವರು ಕಲ್ಲನ್ನು ಮುಟ್ಟದೆಯೇ ಅರ್ಧ ಗಂಟೆ ಮಾತಾಡಿದರು. ಆಮೇಲೆ ಬಂದ ಹೆಂಗಸು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನೆಲದಲ್ಲಿದ್ದಾಗ ಇದರ ಯಾವ ಮಗ್ಗುಲು ಉತ್ತರಕ್ಕಿತ್ತು ಸರ್? ಅದು ಗೊತ್ತಾಗದೆ ನಾನೇನೂ ಹೇಳಲ್ಲ" ಎಂದರು.

"ಏನಮ್ಮಾ, ಕಲ್ಲಿನ ಮನೆ ವಿಳಾಸನೂ ಬೇಕಾ?" ಎಂದು ಸಂದರ್ಶನ ಸಮಿತಿಯ ಅಧ್ಯಕ್ಷರು ನಕ್ಕರು. ಉಳಿದವರೂ ನಕ್ಕರು.

ನನಗೆ ಗೊತ್ತಿತ್ತು. ಬೆಟ್ಟದಲ್ಲಿ ನೀವು ಆ ಕಲ್ಲನ್ನು ಬಂಡೆಯಿಂದ ಒಡೆದು ತೆಗೆದ ದಿನ ನಿಮ್ಮ ಚೀಲ ಹೊತ್ತಿದ್ದವಳು ನಾನೇ. ನಾಲ್ಕನೇ ಕ್ಲಾಸಷ್ಟೇ ಓದಿದವಳು ಅಷ್ಟು ಜನರ ಮುಂದೆ ಹೇಗೆ ಬಾಯಿ ಬಿಡಲಿ ಎಂದು ನೀರಿನ ಲೋಟ ಹಿಡಿದು ನಿಂತೇ ಇದ್ದೆ.

ಕೆಲಸ ಮೊದಲಿನವರಿಗಾಯಿತು.

ಹೊರಡುವಾಗ ಆಕೆ ಬಾಗಿಲಲ್ಲಿ ನನ್ನನ್ನು ಕೇಳಿದರು: "ನಿಮ್ಮ ಮೇಷ್ಟ್ರು ಕಲ್ಲಿಗೆ ಗುರುತು ಹಾಕ್ತಿರಲಿಲ್ವಾ?"

"ಇಲ್ಲ ಮೇಡಂ" ಎಂದುಬಿಟ್ಟೆ.