ಮೂರು ಗೇರಿನ ಸಾಮಾನು

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ಆ ಗಣಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಒಬ್ಬಳೇ ಎತ್ತಬೇಡ, ಇನ್ನೊಬ್ಬ ನರ್ಸನ್ನು ಕರೆ ಎಂದು ಎಷ್ಟು ಸಲ ಬರೆದರೂ ನೀನು ಕೇಳುವವಳಲ್ಲ. ನಿನಗೆ ಫೋನ್ ಸಿಗುವುದೇ ಅಪರೂಪ, ಸಿಕ್ಕಾಗ ಅಪ್ಪ ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಪುಟ್ಟಿಗೆ ದವಡೆ ಹಲ್ಲು ಬರುತ್ತಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂರುತ್ತೇನೆ. ನಗಬೇಡ. ಇದಕ್ಕೆ ಯಾವ ಕಾಲೇಜಿನಲ್ಲೂ ಪಾಠವಿಲ್ಲ.

ಅಪ್ಪ ಗಟ್ಟಿಯಾಗಿದ್ದಾರೆ, ಊಟ ತಿಂಡಿ ಚೆನ್ನಾಗಿದೆ. ಕಾರು ಮಾತ್ರ ಶೆಡ್ಡಿನಲ್ಲಿ ನಿಂತಿದೆ. ಗೇರು ಹಾಕಿದರೆ ಕರಕರ ಎನ್ನುತ್ತದೆ, ಎರಡು ಮಾರು ಹೋಗುವಷ್ಟರಲ್ಲಿ ತಾನಾಗಿಯೇ ಜಾರಿ ಹೊರಬರುತ್ತದೆ. ಇಷ್ಟು ಹಳೆಯ ಕಾರಿನ ಗೇರ್‌ಬಾಕ್ಸ್ ಸಾಮಾನು ಇಲ್ಲೆಲ್ಲಿ ಸಿಗಬೇಕು? ಹಡಗಿನಲ್ಲಿ ಬರಬೇಕು, ಒಮ್ಮೆ ತರಿಸಿದರೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ತರಿಸಿಕೊಡುವ ಅಂಗಡಿಯವರು ಫೋನಿನಲ್ಲಿ, “ಆ ವರ್ಷದ ಕಾರಿಗೆ ಎರಡು ಥರದ ಬಾಕ್ಸ್ ಬರ್ತಿತ್ತಮ್ಮ, ಮೂರು ಗೇರಿಂದು, ನಾಲ್ಕು ಗೇರಿಂದು. ನಿಮ್ಮದು ಯಾವುದು?” ಎಂದರು. ಅಪ್ಪನನ್ನು ಕೇಳಿದೆ. “ಮೂರು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವನನ್ನ ಕೇಳ್ತಾನಲ್ಲ, ಮೀನಿಗೆ ಈಜು ಬರುತ್ತಾ ಅಂತ ಕೇಳಿದ ಹಾಗೆ!” ಎಂದು ನಕ್ಕರು. ನಾನೂ ನಕ್ಕೆ. ಆದರೆ ಅಂಗಡಿಯವರು ಬಿಡಲಿಲ್ಲ. “ಬಾಯಿಮಾತು ಬೇಡ, ಬಾಕ್ಸಿನ ಪಕ್ಕದಲ್ಲಿ ಉಬ್ಬಿದ ಅಂಕಿ ಇರುತ್ತೆ, ಓದಿ ಹೇಳಿ” ಎಂದರು.

ನಿನ್ನೆ ಅಪ್ಪ ಪುಟ್ಟಿಯನ್ನು ಎತ್ತಿಕೊಂಡು ಪಾರ್ಕಿಗೆ ಹೋದಾಗ ಹಳೆಯ ಚಾಪೆ ಹಾಸಿ ಕಾರಿನ ಕೆಳಗೆ ನುಗ್ಗಿದೆ. ಜಿಡ್ಡು ಬೆರಳುದಪ್ಪ ಕೂತಿತ್ತು. ಪಾತ್ರೆ ತಿಕ್ಕುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಅಂಕಿ ಕಾಣಿಸಿತು. ಓದಿ ಹೇಳಿದ ಕೂಡಲೇ ಅಂಗಡಿಯವರು, “ನಾಲ್ಕು ಗೇರಿಂದಮ್ಮ, ಅನುಮಾನವೇ ಇಲ್ಲ” ಎಂದರು. ನಮ್ಮಪ್ಪ ಮೂರು ಅಂತಾರಲ್ಲ ಎಂದೆ. “ಬೇರೆ ಯಾವುದೋ ಕಾರಿನ ನೆನಪಿರಬೇಕು. ಹಾಗಂದುಕೊಂಡು ಓಡಿಸಿದ್ರೆ ಹಲ್ಲು ಸವೆಯದೆ ಇನ್ನೇನಾಗುತ್ತೆ? ಮೂರರದ್ರಲ್ಲಿ ಸ್ಟೀರಿಂಗ್ ಪಕ್ಕದ ಗೇರುಕಡ್ಡಿನ ನಮ್ಮ ಕಡೆಗೆ ಎಳೆದು ಮೇಲಕ್ಕೆ ಹಾಕಿದ್ರೆ ರಿವರ್ಸು. ನಾಲ್ಕರದ್ರಲ್ಲಿ ಅದೇ ಜಾಗ ಫಸ್ಟು, ಗಾಡಿ ಮುಂದಕ್ಕೆ ಹೋಗುತ್ತೆ” ಎಂದು ಫೋನಿಟ್ಟರು.

ಅಕ್ಕಾ, ಕಾರಿನ ಕೆಳಗೆ ಮಲಗಿದ್ದ ಹಾಗೇ ಆ ದಿನ ನೆನಪಾಯಿತು. ಹೋದ ತಿಂಗಳು ಬರೆದಿದ್ದೆನಲ್ಲ, ಅಪ್ಪ ಪುಟ್ಟಿಯನ್ನು ಕೂರಿಸಿಕೊಂಡು ಶಿಶುವಿಹಾರಕ್ಕೆ ಹೊರಟಾಗ ಶೆಡ್ಡಿನಿಂದ ಹಿಂದಕ್ಕೆ ಬರಬೇಕಾದ ಕಾರು ಮುಂದಕ್ಕೆ ನೆಗೆದು ಗೋಡೆಗೆ ಗುದ್ದಿ ಅವಳ ತುಟಿ ಒಡೆಯಿತು ಎಂದು. ಕ್ಲಚ್ ಕೈಕೊಟ್ಟಿತು ಎಂದು ಅಪ್ಪ ಹೇಳಿದ್ದರು, ನಾವೂ ನಂಬಿದೆವು. ನಾನು ಗೇರುಕಡ್ಡಿ ಮುಟ್ಟಿದವಳಲ್ಲ, ನನಗೇನು ಗೊತ್ತು. ಇದೇ ಕಾರಿನಲ್ಲಿ ನಿನಗೆ ನಾಲ್ಕು ಗೇರು ಕಲಿಸಿದವರು ಅಪ್ಪನೇ ಅಲ್ಲವೇ?

ಸಂಜೆ ಸುಮ್ಮನೆ ಆಟಕ್ಕೆಂಬಂತೆ, ಅಪ್ಪಾ, ರಿವರ್ಸ್ ಹೇಗೆ ಹಾಕೋದು ಎಂದೆ. ಖುಷಿಯಾಗಿ ಬೆನ್ನು ನೆಟ್ಟಗೆ ಮಾಡಿ, ಗಾಳಿಯಲ್ಲೇ ಕಡ್ಡಿ ಹಿಡಿದು, ತಮ್ಮ ಕಡೆಗೆ ಎಳೆದು ಮೇಲಕ್ಕೆತ್ತಿದರು. ಮದುವೆಗೂ ಮೊದಲು ಕೆಲಸ ಮಾಡುತ್ತಿದ್ದ ಡ್ರೈವಿಂಗ್ ಸ್ಕೂಲಿನ ಕರಿ ಕಾರಿನ ಕಥೆ ಹೇಳಿದರು. ಅದಕ್ಕೆ ಮೂರೇ ಗೇರಂತೆ. ಕೈ ಒಂದಿಷ್ಟೂ ನಡುಗಲಿಲ್ಲ ಅಕ್ಕಾ. ನಡುಗಿದ್ದರೆ ವಯಸ್ಸಾಯಿತು ಎಂದುಕೊಳ್ಳುತ್ತಿದ್ದೆ. ನಮ್ಮ ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮಗಳಿಗೇನಾದರೂ ಆದೀತೆಂಬ ಭಯಕ್ಕೆ ನಾಳೆಯೇ ಕಾರನ್ನು ಗುಜರಿಗೆ ಹಾಕುತ್ತಾರೆ. ಅಮ್ಮ ಹೋದ ಮೇಲೆ ಅಪ್ಪ ಬೆಳಿಗ್ಗೆ ಎದ್ದು ಶರ್ಟಿಗೆ ಇಸ್ತ್ರಿ ಹಾಕಿಕೊಳ್ಳುವುದು ಮೊಮ್ಮಗಳನ್ನು ಕಾರಿನಲ್ಲಿ ಬಿಟ್ಟುಬರುವುದಕ್ಕೆ ಮಾತ್ರ. ಈಗಲೂ ಇಸ್ತ್ರಿ ಶರ್ಟು ತೊಟ್ಟೇ, ಸಾಮಾನು ಬಂತಾ ಎಂದು ದಿನಾ ಕೇಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಟ್ಟಿ ನಿನ್ನ ಫೋಟೋ ಕಂಡರೆ ಗಾಜನ್ನೆಲ್ಲ ಎಂಜಲು ಮಾಡುತ್ತಾಳೆ. ಅದನ್ನೇ ಮುತ್ತು ಎಂದು ತಿಳಿದುಕೋ.

ನಿನ್ನ,
ತಂಗಿ

ಮರೆತಿದ್ದೆ: ಇಂದು ಬೆಳಿಗ್ಗೆ ಅಂಗಡಿಯವರಿಗೆ ಫೋನ್ ಮಾಡಿ ಮೂರು ಗೇರಿನ ಸಾಮಾನನ್ನೇ ತರಿಸಿ ಎಂದುಬಿಟ್ಟೆ. “ಅಮ್ಮಾ, ಅದು ಕೂರಲ್ಲ” ಎಂದರು. ಗೊತ್ತು, ತರಿಸಿ ಎಂದೆ. ಸರಿಯಾದದ್ದು ಬಂದರೆ ಕಾರು ಓಡುತ್ತದೆ, ಅಪ್ಪ ಮತ್ತೆ ಪುಟ್ಟಿಯನ್ನು ಕೂರಿಸಿಕೊಂಡು ಹೊರಡುತ್ತಾರೆ. ಹಡಗು ಬರಲು ಎರಡು ತಿಂಗಳಂತೆ, ಅಲ್ಲಿಯವರೆಗೆ ಪುಟ್ಟಿ ಆ ಕಾರು ಹತ್ತುವುದಿಲ್ಲ. ಆದರೆ ಪೆಟ್ಟಿಗೆ ಬಿಚ್ಚಿದ ದಿನ ಅಪ್ಪ ತಮ್ಮ ಕೈಯಾರೆ ಕೂರಿಸಲು ನೋಡುತ್ತಾರೆ. ಆ ಹೊತ್ತಿಗೆ ನಾನೊಬ್ಬಳೇ ಅವರ ಎದುರು ನಿಲ್ಲಲಾರೆ. ರಜೆ ಕೇಳು ಅಕ್ಕಾ, ಇವತ್ತೇ ಕೇಳು.