ಬಿ ನೆಗೆಟಿವ್, ಎರಡು ಯೂನಿಟ್, ಹರಿಹರ

ಏಪ್ರಿಲ್ 22, ಬೆಳಿಗ್ಗೆ 10.40

ಮಂಡಿಪೇಟೆಯಲ್ಲಿ ಮೆಣಸಿನಕಾಯಿ ಲಾರಿ ಬಂದಿದೆ. ಆಫೀಸ್ ಮೇಲಿನ ಮಹಡಿಯಲ್ಲಿದ್ದರೂ ಎಲ್ಲರಿಗೂ ಸೀನು. ನಾವು ವೆಬ್‌ಸೈಟ್ ಮಾಡಿಕೊಟ್ಟ ರಕ್ತದಾನ ಟ್ರಸ್ಟ್‌ನವರು ವರದಿ ಕೇಳಿದ್ದಾರೆ. ಲೆಕ್ಕ ತಾಳೆಯಾಗುತ್ತಿಲ್ಲ. ಜನವರಿಯಿಂದ ವೆಬ್‌ಸೈಟ್‌ನಲ್ಲಿ ರಕ್ತ ಕೇಳಿದವರು 214. ದಾನಿಗಳಿಗೆ ಮೆಸೇಜ್ ಹೋಗಿದ್ದು 107 ಕೋರಿಕೆಗೆ. ಸರಿಯಾಗಿ ಅರ್ಧ. ಸರಿಯಾಗಿ ಅರ್ಧ ಯಾಕೆ?

ಮಧ್ಯಾಹ್ನ 3

ಸಿಕ್ಕಿತು. ನನ್ನದೇ ಕೋಡ್.

ಜನವರಿ 1ರಂದು ಎರಡನೇ ಕನ್ಸ್ಯೂಮರ್, ಅಂದರೆ ಕೋರಿಕೆ ತೆಗೆದುಕೊಳ್ಳುವ ಇನ್ನೊಂದು ಪ್ರೋಗ್ರಾಂ, ಸೇರಿಸಿದ್ದೆ. ಕೋರಿಕೆಗಳು ಸಾಲುಗಟ್ಟುವ ಕ್ಯೂ ಒಂದೇ. ಅದರಿಂದ ಕೋರಿಕೆ ತೆಗೆದುಕೊಂಡು ಒಂದು ಪ್ರೋಗ್ರಾಂ ದಾನಿಗಳಿಗೆ ಮೆಸೇಜ್ ಕಳಿಸಬೇಕು, ಇನ್ನೊಂದು ರಿಜಿಸ್ಟರ್‌ಗೆ ಬರೆಯಬೇಕು. ಪ್ರತಿ ಕೋರಿಕೆ ಎರಡಕ್ಕೂ ಸಿಗುತ್ತದೆ ಅಂದುಕೊಂಡಿದ್ದೆ. ಸಿಗುವುದಿಲ್ಲ. ಒಂದು ತೆಗೆದುಕೊಂಡರೆ ಇನ್ನೊಂದಕ್ಕೆ ಅದು ಇಲ್ಲವೇ ಇಲ್ಲ. ಸರದಿಯ ಮೇಲೆ ಹಂಚಿಕೊಂಡಿವೆ — ಒಂದು ಇದಕ್ಕೆ, ಒಂದು ಅದಕ್ಕೆ. ಎರರ್ ಇಲ್ಲ. ಕೆಲಸ ಮುಗಿಯುವವರೆಗೆ ಕಾಯುವ await ಸಾಲುಗಳೆಲ್ಲ ಸರಿಯಾಗಿ ಮುಗಿದಿವೆ. ಪರದೆಯ ತುಂಬ ಹಸಿರು ಟಿಕ್.

ರಿಜಿಸ್ಟರ್‌ನಲ್ಲಿ 107 ಹೆಸರು. ಅಂದರೆ ಯಾರಿಗೂ ತಿಳಿಸದೇ ಹೋದ 107 ಹೆಸರು.

ಎರಡು ಕ್ಯೂ ಮಾಡಿದೆ. ಹತ್ತು ನಿಮಿಷದ ಕೆಲಸ.

ಏಪ್ರಿಲ್ 23

ಅಂಜನಕುಮಾರ್ ಸರ್‌ಗೆ ಹೇಳಿದೆ. ಕಂಪನಿ ಅವರದು.

"ಸರಿ ಮಾಡೀರಲ್ಲ ನೇತ್ರಾವತಿ, ಬಿಡ್ರಿ ಇನ್ನ."

"ಅವರಿಗೆಲ್ಲ ಫೋನ್ ಮಾಡ್ತೀನಿ ಸರ್."

"ಮಾಡಿ ಏನಂತೀರಿ? ಬ್ಯಾಡ. ಒಳ್ಳೇದಾಗಲ್ಲ."

ಏಪ್ರಿಲ್ 25

ಊಟದ ಬಿಡುವಿನಲ್ಲಿ, ನನ್ನ ಮೊಬೈಲ್‌ನಿಂದ ಅವರಿಗೆಲ್ಲ ಫೋನ್ ಮಾಡುತ್ತಿದ್ದೇನೆ. "ಸಿಕ್ತು ಬಿಡ್ರಿ, ತಂಗಿ ಗಂಡ ಕೊಟ್ಟ." "ಆಸ್ಪತ್ರೆಯವ್ರೇ ಕೊಟ್ರು." ಒಬ್ಬರು "ಈಗ್ಯಾಕ ಕೇಳ್ತೀರಿ?" ಎಂದು ಇಟ್ಟುಬಿಟ್ಟರು.

ಫೆಬ್ರುವರಿ 9, ಬಿ ನೆಗೆಟಿವ್, ಎರಡು ಯೂನಿಟ್, ಹೆರಿಗೆ. ರೋಗಿ ಶಾಹಿಸ್ತಾ. ಕೋರಿದವರು ತಂದೆ ಬಡೇಸಾಬ್, ಹರಿಹರ. ವಯಸ್ಸಾದ ಹೆಂಗಸೊಬ್ಬರು ಎತ್ತಿದರು. ಶಾಹಿಸ್ತಾ ಇದ್ದಾರಾ ಅಂದೆ.

"ಇಲ್ಲ."

"ಯಾವಾಗ ಬರ್ತಾರೆ?"

ಕೇಳಿಬಿಟ್ಟೆ. ಹಿಂದೆ ಮಗುವಿನ ಅಳು. ಆಮೇಲೆ ಫೋನು ಕಟ್ಟಾಯಿತು.

ಮೇ 4, ಭಾನುವಾರ

ಎಂಟು ದಿನ ಏನೂ ಬರೆದಿಲ್ಲ. ಯಾರ ಮೊಬೈಲ್ ಟಿಣ್ ಎಂದರೂ ಎದ್ದು ನಿಲ್ಲುತ್ತಿದ್ದೇನೆ. ನಿನ್ನೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದವಳು ಆ ಸದ್ದಿಗೇ ಹೊರಗೆ ಬಂದುಬಿಟ್ಟೆ.

ಇವತ್ತು ಹರಿಹರಕ್ಕೆ ಹೋದೆ. ಬಡೇಸಾಬ್ ಅವರದು ಗಾದಿ ಹೊಲಿಯುವ ಅಂಗಡಿ, ಮನೆಯ ಮುಂದೆಯೇ. ಗಡ್ಡದಲ್ಲಿ ಹತ್ತಿಯ ಎಳೆ. ಒಳಗೆ ಅವರ ಹೆಂಡತಿ ಮಾಬೂಬೀ, ಕಾಲ ಮೇಲೆ ಮೊಮ್ಮಗಳು. ಫೋನು ಎತ್ತಿದ್ದು ಅವರೇ. ನನ್ನ ದನಿ ಗುರುತಿಸಿದರು.

ಹೇಳಿದೆ. ಕ್ಯೂ, ಕೋಡ್ ಏನೂ ಇಲ್ಲದೆ.

"ನೀವು ಕೇಳಿದ್ದು ನಮ್ಮ ಪುಸ್ತಕದಲ್ಲಿ ಬರದೈತೆ. ರಕ್ತ ಕೊಡೋರಿಗೆ ಹೋಗೇ ಇಲ್ಲ. ತಪ್ಪು ನಂದು."

"ಯಾರಿಗೂ?"

"ಯಾರಿಗೂ."

ಬಡೇಸಾಬ್ ಸೂಜಿ ಕೆಳಗಿಟ್ಟರು. ಎದುರು ಮನೆಯತ್ತ ನೋಡಿದರು. ಬಾಗಿಲಲ್ಲಿ ಒಂದು ಬೈಕು, ಅದರ ಮೇಲೆ ಸ್ಟಿಕ್ಕರ್: 'ಬಿ ನೆಗೆಟಿವ್ ದಾನಿ'.

"ಅದು ಚೌಡೇಶನ ಮನೆ. ಅವನ ನಂಬರ್ ನನ್ನತ್ರ ಇರ್ಲಿಲ್ಲ. ಎದುರು ಮನೆಯವ್ನು, ನಂಬರ್ ಯಾಕ ಬೇಕು? ಆವತ್ತು ಮನೆಯವ್ರೆಲ್ಲ ಆಸ್ಪತ್ರೇಲಿ. ನಿಮ್ ಮೆಸೇಜ್ ಅವನಿಗೆ ಹೋಗುತ್ತೆ, ಓಡಿ ಬರ್ತಾನೆ ಅಂತ ಆಸ್ಪತ್ರೆ ಗೇಟಲ್ಲಿ ನಿಂತಿದ್ದೆ. ಬೈಕ್ ಬಂದಾಗೆಲ್ಲ ಎದ್ದು ನೋಡ್ತಿದ್ದೆ. ಸಾಬ್ರ ಹುಡುಗಿ ಅಂತ ಬರ್ಲಿಲ್ಲ ಅಂದ್ಕಂಡೆ. ಮಣ್ಣಿಗೆ ಬಂದಿದ್ದ. ಮಕ ತಿರುಗಿಸ್ದೆ. ಮೂರು ತಿಂಗ್ಳಾತು, ಮಾತಾಡ್ಸಿಲ್ಲ."

ಬೈದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಮುಂದಿನ ಐತವಾರ ಬರ್ರಿ. ಅವನಿಗೂ ನೀವೇ ಹೇಳ್ರಿ. ನನ್ ಕೈಲಿ ಆಗಲ್ಲ."

ಮೇ 7

ಹರಿಹರಕ್ಕೆ ಹೋಗಿದ್ದು ಸರ್‌ಗೆ ಗೊತ್ತಾಗಿದೆ. "ರಕ್ತ ಸಿಕ್ಕಿದ್ರೂ ಉಳೀತಿದ್ರು ಅಂತ ಹೆಂಗೆ ಹೇಳ್ತೀರಿ?" ಅಂದರು. ಹೇಳಲು ಬರುವುದಿಲ್ಲ. ಉಳಿಯುತ್ತಿರಲಿಲ್ಲ ಅಂತಲೂ ಹೇಳಲು ಬರುವುದಿಲ್ಲ. ಅದೇ ಬಿಡುತ್ತಿಲ್ಲ.

ಮೇ 11, ಭಾನುವಾರ, ಬಸ್ಸಿನಲ್ಲಿ

ಚೌಡೇಶ್ ಬೈಕಿನ ಚೈನಿಗೆ ಎಣ್ಣೆ ಹಾಕುತ್ತಿದ್ದ. ನಮ್ಮಿಬ್ಬರನ್ನು ನೋಡಿ ಗಾಬರಿಯಿಂದ ಎದ್ದ.

"ಬಡೇಸಾಬ್ರೆ... ಬರ್ರಿ. ಕೂಡ್ರಿ."

ಅವರು ಕೂರಲಿಲ್ಲ. ನಾನು ಹೇಳಿದೆ. ಅರ್ಧದಲ್ಲೇ ಅವನು ತಡೆದ.

"ಶಾಹಿಸ್ತಾಗೆ ರಕ್ತ ಬೇಕಾಗಿತ್ತಾ?"

ಅದೂ ಗೊತ್ತಿರಲಿಲ್ಲ ಅವನಿಗೆ. ಹೆರಿಗೆಯಲ್ಲಿ ಹೋದಳು ಅಂತಷ್ಟೇ ಗೊತ್ತಿತ್ತು. ಮೂರು ತಿಂಗಳು ಎದುರು ಮನೆಯವರು ಯಾಕೆ ಮುಖ ತಿರುಗಿಸುತ್ತಾರೆ ಅಂತ ಹೆಂಡತಿಯನ್ನು ಕೇಳುತ್ತಿದ್ದನಂತೆ.

"ಎಷ್ಟೊತ್ತಿಗೆ?"

"ಬೆಳಿಗ್ಗೆ ಹನ್ನೊಂದಕ್ಕೆ," ಅಂದರು ಬಡೇಸಾಬ್.

"ಮನೇಲೇ ಇದ್ದೆ. ಐತವಾರ... ಮನೇಲೇ ಇದ್ದೆನಲ್ರೀ."

ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡ. ಬಡೇಸಾಬ್ ಅವನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂತರು. "ಮಾಫ್ ಮಾಡಪ್ಪ," ಅಂದರು — ಇವರು, ಅವನಿಗೆ. ಇಬ್ಬರೂ ನನ್ನತ್ತ ನೋಡಲಿಲ್ಲ. ಆ ಮಾತು ನಾನು ಆಡಬೇಕಾಗಿದ್ದು.

ಹೊರಟಾಗ ಚೌಡೇಶ್ ಓಣಿಯ ತಿರುವಿನವರೆಗೂ ಹಿಂದೆಯೇ ಬಂದ. ಕೆನ್ನೆಯ ಮೇಲೆ ಕಪ್ಪು ಎಣ್ಣೆ ಹಾಗೇ ಇತ್ತು.

"ಮೇಡಂ, ಇಂಥ ಮನೆ ಇನ್ನೂ ಎಷ್ಟು ಅದಾವು?"

ಅದಕ್ಕೆ ನಾನು ಚೀಲದಿಂದ 107 ಹೆಸರಿನ ಪಟ್ಟಿ ತೆಗೆದು, ಇನ್ನೂ ಫೋನ್ ಮಾಡದ ಹೆಸರುಗಳನ್ನು ಅವನಿಗೆ ತೋರಿಸಿದೆ.